ಹಣ್ಣು: ಕಂಡಿಲ್ಲ

'ನಿತ್ಯಹಸಿರು ಮರ, ಎತ್ತರ ಇಪ್ಪತ್ತೈದು ಮೀಟರಿನವರೆಗೆ. ಕಾಂಡ ನೇರ. ತೊಗಟೆ ಬೂದುಗಪ್ಪು, ನಯ, ಕಚ್ಚು ಹಾಕಿದಲ್ಲಿ ಒಳಭಾಗ ಹಳದಿ, ಗಾಳಿ ತಾಗುತ್ತಲೇ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಹಸಿಶುಂಠಿಯ ವಾಸನೆ. ಎಲೆ ಸರಳ, ಪರ್ಯಾಯ ಜೋಡಣೆ, ರೆಂಬೆಯ ಎರಡೂ ಬದಿಗೆ ಸಾಲಾಗಿ, ಚಿಗುರು ತಾಮ್ರವರ್ಣ. ಹೂ ನೇರವಾಗಿ ಕಾಂಡದ ಮೇಲೆಯೇ, ಬುಡದಿಂದ ತುದಿಯವರೆಗೆ, ಗೊಂಚಲು ಗೊಂಚಲಾಗಿ, ಪುಷ್ಪಪತ್ರ ಮೂರು, ದಳ ಆರು, ಎರಡು ಸುತ್ತಿನಲ್ಲಿ, ಕೆನೆಬಣ್ಣ, ಒಳಬುಡದಲ್ಲಿ ಕಡುಗೆಂಪು, ಕೇಸರಗಳು ಅಸಂಖ್ಯ. ಹಣ್ಣು: ಕಂಡಿಲ್ಲ.'

ಊರೂರಿನ ಸಸ್ಯವಿಜ್ಞಾನಿಗಳು ಓದಿ ತಲೆದೂಗಿದ ಈ ವರ್ಣನೆಯಲ್ಲಿ ಹುಡುಕಿದರೂ ಒಂದು ಸುಳ್ಳು ಸಿಗುವುದಿಲ್ಲ. ಬರೆದವನು ಹಾಸನದ ಧರಣೇಂದ್ರ. ಸತ್ಯವನ್ನು ವ್ರತದಂತೆ ಪಾಲಿಸುವ ಜೈನರ ಮನೆಯಲ್ಲಿ ಹುಟ್ಟಿ, ಹಾಗೆಯೇ ಬೆಳೆದವನು. ಸುಳ್ಳು ಹೇಳಬೇಕಾಗಿ ಬಂದರೆ ಅವನ ಕಿವಿ ಕೆಂಪಾಗುತ್ತಿತ್ತು. ಹಾಗಾಗಿ ಸುಳ್ಳು ಹೇಳದೆಯೇ ಕೆಲಸ ಸಾಗಿಸುವುದು ಹೇಗೆ ಎಂಬುದನ್ನು ಅವನು ಚೆನ್ನಾಗಿ ಕಲಿತಿದ್ದ.

'ಕಂಡಿಲ್ಲ' ಎನ್ನುವುದು ಅವನ ಕಸುಬಿನ ಮಾತು. ಕಾಡಿಗೆ ಹೋದವರು ಹೂವಿನ ಕಾಲ ತಪ್ಪಿಸಿಕೊಂಡರೆ 'ಹೂ: ಕಂಡಿಲ್ಲ' ಎಂದು ಬರೆಯುತ್ತಾರೆ, ಹಣ್ಣಿನ ಕಾಲ ತಪ್ಪಿದರೆ 'ಹಣ್ಣು: ಕಂಡಿಲ್ಲ' ಎನ್ನುತ್ತಾರೆ. ಓದುವವರು, ಪಾಪ, ಬೇರೆ ತಿಂಗಳಲ್ಲಿ ಹೋಗಿರಬೇಕು, ಮುಂದೆ ಯಾರಾದರೂ ನೋಡಿ ಸೇರಿಸುತ್ತಾರೆ ಅಂದುಕೊಂಡು ಪುಟ ಮಗುಚುತ್ತಾರೆ. ಆ ಎರಡು ಪದ ಓದಿ ಬೆಚ್ಚಿಬಿದ್ದವರು ಇದುವರೆಗೆ ಯಾರೂ ಇಲ್ಲ.

ಆ ಮರ ಇದ್ದದ್ದು ಬಿಸಿಲೆ ಘಾಟಿಯ ಕೆಳಗೆ, ಹಳ್ಳವೊಂದರ ದಡದಲ್ಲಿ. ಅಂಥದ್ದು ಇನ್ನೊಂದು ಎಲ್ಲೂ ಇರಲಿಲ್ಲ. ಧರಣೇಂದ್ರ ಅದನ್ನು ಮೊದಲು ನೋಡಿದಾಗ ಮಗಳು ಸನ್ಮತಿ ಇನ್ನೂ ತೊಟ್ಟಿಲಲ್ಲಿದ್ದಳು. ಸೀತಾಫಲದ ಕುಟುಂಬದ್ದು ಎಂದು ಎಲೆ ನೋಡಿ ಊಹಿಸಬಹುದಿತ್ತು, ಅಷ್ಟೆ. ಹೂವಿಲ್ಲದೆ ಗುರುತಿಲ್ಲ, ಗುರುತಿಲ್ಲದೆ ಹೆಸರಿಲ್ಲ. ಹೂ ಸಿಕ್ಕಿದ ದಿನ ಮರಕ್ಕೆ ಮಗಳ ಹೆಸರಿಡುತ್ತೇನೆ ಎಂದು ಅವನು ಹೆಂಡತಿ ವಿಮಲಾಗೆ ಮಾತು ಕೊಟ್ಟಿದ್ದ. ಪ್ರತಿವರ್ಷ ಹೋಗಿ ಬರುತ್ತಿದ್ದ. ಮಗಳು ನಡೆಯಲು ಕಲಿತಳು, ಶಾಲೆ ಸೇರಿದಳು, ಲಂಗ ಬಿಟ್ಟು ಚೂಡಿದಾರ ಹಾಕಿಕೊಂಡಳು. ಮರ ಮಾತ್ರ ಒಂದು ಮೊಗ್ಗನ್ನೂ ತೋರಿಸಲಿಲ್ಲ. ಹೇಮಾವತಿ ಸಸ್ಯವಿಜ್ಞಾನ ಕೇಂದ್ರದಲ್ಲಿ ಅವನ ಜೊತೆ ಕೆಲಸ ಮಾಡುವವರು ಟೀ ಕುಡಿಯುವಾಗ, "ಏನ್ ಸಾರ್, ನಿಮ್ಮ ಬಂಜೆ ಮರ ಹೇಗಿದೆ?" ಎಂದು ಕೇಳಿ ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಒಳಗೊಳಗೇ ಕುದಿಯುತ್ತಿದ್ದ.

ಅಂಥ ಸಮಯದಲ್ಲಿ ಕೇಂದ್ರಕ್ಕೆ ಬಸವಪ್ರಭು ಗವಿಮಠ ಬಂದ. ಧಾರವಾಡದ ಕಡೆಯ ಎಂಜಿನಿಯರು, ಬಾಯಿ ತುಂಬ ಮಾತು, ಜೇಬು ತುಂಬ ಕಡಲೆಕಾಯಿ. ಅವನು ಮಾಡಿದ ಯಂತ್ರಕ್ಕೆ ಸುಗ್ಗಿಪಟ್ಟಿ ಎಂದು ಹೆಸರು. ಮರದ ಸೊಂಟಕ್ಕೆ ಬಿಗಿಯುವ, ಅಂಗೈ ಅಗಲದ ಪಟ್ಟಿ. ಅದು ಕಳಿಸುವ ಸಂಕೇತ ಕೇಂದ್ರದ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಹಸಿರು ಗೆರೆಯಾಗಿ ಓಡುತ್ತಿತ್ತು.

"ಇದರಾಗ ಮಾಟಮಂತ್ರ ಏನಿಲ್ರಿ ಸರ್" ಎಂದು ಗವಿಮಠ ವಿವರಿಸಿದ್ದ. "ಬೇರು ಸಾಯಾಕ ಹತ್ತಿದ್ರ ಗಿಡದೊಳಗ ಒಂದು ಸುದ್ದಿ ಓಡ್ತದ. ಸಣ್ಣ ಕರೆಂಟಿನ ಸುದ್ದಿ. ಆ ಸುದ್ದಿ ನಾವು ಕದ್ದೀವಿ. ನೀ ಸಾಯ್ತಿ, ನೀ ಸಾಯ್ತಿ ಅಂತ ಪಟ್ಟಿ ಹೇಳ್ಕೋತ ಕೂಡ್ತದ. ಗಿಡ ಗಾಬರಿಯಾಗಿ ಇದ್ದಬದ್ದದ್ದೆಲ್ಲಾ ಹೂವಿಗೆ ಸುರೀತದ."

"ಅಂದ್ರೆ ಮರಕ್ಕೆ ಸುಳ್ಳು ಹೇಳೋದು."

"ಸುಳ್ಳಲ್ರಿ. ಎಲ್ಲಾರೂ ಸಾಯೋರ ಅಲ್ರಿ? ಸ್ವಲ್ಪ ಮುಂಚಿತವಾಗಿ ಹೇಳ್ತೀವಿ, ಅಷ್ಟ."

ಮಾವಿನ ತೋಟಗಳಲ್ಲಿ ಪಟ್ಟಿಯನ್ನು ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ ಇಡುತ್ತಿದ್ದರು. ಬಿಸಿಲೆಯ ಮರ ಅಷ್ಟಕ್ಕೆಲ್ಲ ಜಗ್ಗಲಿಲ್ಲ. ಪೂರ್ತಿ ಪ್ರಮಾಣ ಕೊಡೋಣ ಎಂದು ಧರಣೇಂದ್ರನೇ ಹೇಳಿದ. ಗವಿಮಠ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ, "ಪೂರ್ತಿ ಇಟ್ಟು ಇನ್ನೂ ಯಾರೂ ನೋಡಿಲ್ರಿ" ಎಂದ. "ನೋಡೋಣ" ಎಂದ ಧರಣೇಂದ್ರ. ಗವಿಮಠ ಗುಂಡಿ ತಿರುಗಿಸಿದ.

ಮರ ಹೂ ಬಿಟ್ಟಿತು. ಬಿಟ್ಟಿತು ಎಂದರೆ ಕಡಿಮೆಯಾಯಿತು. ತೊಗಟೆ ಒಡೆದುಕೊಂಡು ಬುಡದಿಂದ ತುದಿಯವರೆಗೆ ಹೂ ಉಕ್ಕಿತು, ಕಾಂಡವೇ ಕಾಣದಷ್ಟು. ಜೇನುಹುಳುಗಳ ಸದ್ದಿನಲ್ಲಿ ಹಳ್ಳದ ಸದ್ದು ಮುಚ್ಚಿಹೋಗಿತ್ತು. ಧರಣೇಂದ್ರ ಮರದ ಬುಡದಲ್ಲಿ ಕೂತು ನಾಚಿಕೆ ಇಲ್ಲದೆ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಗೊಂಚಲುಗಳನ್ನು ಕತ್ತರಿಸಿ, ಹಳೇ ಪೇಪರಿನ ನಡುವೆ ಒತ್ತಿ ಕಟ್ಟಿ, ಚೀಲಕ್ಕೆ ಹಾಕಿಕೊಂಡು ಬಂದ. ಹಾಸನ ತಲುಪುವುದರೊಳಗೆ ಮರಕ್ಕೆ ಮನಸ್ಸಿನಲ್ಲೇ ಮಗಳ ಹೆಸರಿಟ್ಟಾಗಿತ್ತು.

ಹಣ್ಣು ನೋಡಲು ಎಂದು ಮತ್ತೆ ಹೋದಾಗ ಒಂದು ಹೂವೂ ಕಾಯಿ ಕಟ್ಟಿರಲಿಲ್ಲ. ಎಲ್ಲ ಉದುರಿ ನೆಲದ ಮೇಲೆ ಕೊಳೆಯುತ್ತಿದ್ದವು. ಕೆಳಗಿನ ರೆಂಬೆಗಳ ಎಲೆ ಹಳದಿಯಾಗಿತ್ತು. ಅವನು ಗಾಬರಿಯಿಂದ ಪಟ್ಟಿಯನ್ನು ಬಿಚ್ಚಿ ಹಳ್ಳಕ್ಕೆ ಎಸೆದ. ಅದರ ಮುಂದಿನ ಸಲ ಹೋದಾಗ ಹಳದಿ ಮೇಲಕ್ಕೆ ಹತ್ತಿತ್ತು. ಮೂರನೆಯ ಸಲ ಎಲೆಯೇ ಇರಲಿಲ್ಲ. ಕತ್ತಿಯಿಂದ ತೊಗಟೆಗೆ ಕಚ್ಚು ಹಾಕಿ ನೋಡಿದ. ಹಳದಿ ಇಲ್ಲ, ಶುಂಠಿಯ ವಾಸನೆ ಇಲ್ಲ, ಒಣಗಿದ ಸಿಪ್ಪೆ. ಕೈ ಎಟುಕುವಷ್ಟು ಮೇಲೆ, ಸುತ್ತಲೂ, ಹತ್ತಾರು ಕಡೆ ಕಚ್ಚು ಹಾಕಿದ. ಎಲ್ಲ ಕಡೆಯೂ ಅದೇ. ಬೀಜವಿಲ್ಲ, ಸಸಿಯಿಲ್ಲ, ಇನ್ನೊಂದು ಮರವಿಲ್ಲ. ಒಂದು ಪ್ರಭೇದವನ್ನೇ ತಾನು ಮುಗಿಸಿದೆ ಎಂದು ಅವನಿಗೆ ಅಲ್ಲೇ, ಆಗಲೇ ಗೊತ್ತಾಯಿತು.

ಹೇಳಬಹುದಿತ್ತು. ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಅರಣ್ಯ ಇಲಾಖೆ ಕೇಸು ಹಾಕುತ್ತಿತ್ತು, ಟೀ ಕುಡಿಯುವವರು ನಗುವುದಕ್ಕೆ ಹೊಸ ವಿಷಯ ಸಿಗುತ್ತಿತ್ತು. ಅವನು ಮನೆಗೆ ಬಂದು ವರ್ಣನೆಯ ಕೊನೆಯ ಸಾಲಿನಲ್ಲಿ 'ಹಣ್ಣು: ಕಂಡಿಲ್ಲ' ಎಂದು ಬರೆದ. ಬರೆದದ್ದು ನಿಜವೇ. ಪಟ್ಟಿಯ ಗೆರೆ ಪರದೆಯಿಂದ ಯಾಕೆ ಮಾಯವಾಯಿತು ಎಂದು ಗವಿಮಠ ಕೇಳಿದಾಗ, "ಆ ಕಡೆ ಆನೆಗಳ ಓಡಾಟ ಜಾಸ್ತಿ" ಎಂದ. ಅದೂ ನಿಜವೇ. ಗವಿಮಠ ತನಗೆ ತಾನೇ ಉಳಿದದ್ದನ್ನು ಕಲ್ಪಿಸಿಕೊಂಡು, ಆನೆಗೆ ಒಂದಿಷ್ಟು ಬೈದು ಸುಮ್ಮನಾದ.

ಅವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಧರಣೇಂದ್ರನ ತಾಯಿ ಪದ್ಮಾವತಮ್ಮ ಈ ವಿಷಯದಲ್ಲಿ ಯಾರ ಮುಲಾಜೂ ನೋಡುವವರಲ್ಲ. ಆಲೂಗೆಡ್ಡೆ, ಗೆಣಸು, ಈರುಳ್ಳಿ ಯಾವುದೂ ಅವರ ಒಲೆಯ ಹತ್ತಿರ ಸುಳಿಯುವಂತಿಲ್ಲ. ಪತ್ರಿಕೆಯಲ್ಲಿ ಮರದ ಚಿತ್ರ ಬಂದ ದಿನ ಸಂಜೆ ಊಟಕ್ಕೆ ಕೂತಾಗ ಅವರು ಕನ್ನಡಕ ಏರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಹೂವೇನೋ ಚೆನ್ನಾಗಿದೆ. ಹಣ್ಣು ಹೆಂಗಿರುತ್ತಪ್ಪ ಇದರದ್ದು?"

"ಕಂಡಿಲ್ಲಮ್ಮ."

"ತಿನ್ನೋಕೆ ಬರುತ್ತೋ ಏನೋ. ಹಣ್ಣು ಅನ್ನೋದು ಮರ ತಾನಾಗೇ ಕೊಡೋದು ನೋಡು. ಗೆಡ್ಡೆಯಾದ್ರೆ ನಾವು ಕಿತ್ಕೋಬೇಕು. ಕಿತ್ರೆ ಗಿಡನೇ ಹೋಯ್ತು. ಅದಕ್ಕೇ ಬೇಡ ಅನ್ನೋದು."

ಸನ್ಮತಿ ಅಜ್ಜಿಯ ಕನ್ನಡಕವನ್ನು ಕಿತ್ತು ತಾನು ಹಾಕಿಕೊಂಡು, "ಕಿತ್ರೆ ಗಿಡನೇ ಹೋಯ್ತು!" ಎಂದು ಅಜ್ಜಿಯದೇ ಧ್ವನಿಯಲ್ಲಿ ಅಂದಳು. ಪದ್ಮಾವತಮ್ಮ ಮೊಮ್ಮಗಳ ಬೆನ್ನಿಗೊಂದು ಗುದ್ದಿದರು. ಹುಡುಗಿ ನಗತೊಡಗಿದಳು. ಅವಳ ನಗು ಅಂದರೆ ಬಿಕ್ಕಳಿಕೆ ಬರುವವರೆಗೂ ನಿಲ್ಲುವುದಲ್ಲ. ವಿಮಲಾ ನೀರು ತಂದುಕೊಟ್ಟು, "ಇದೇ ಆಯ್ತು ನಿಂದು. ಸೈನ್ಸ್‌ನಲ್ಲಿ ಮೂವತ್ತೆಂಟು ತಗೊಂಡವಳು ಹಿಂಗೆ ನಗ್ತಾಳಾ?" ಎಂದು ಬೈದಳು. ಧರಣೇಂದ್ರ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರದ ಖ್ಯಾತಿಯಿಂದ ಸುಗ್ಗಿಪಟ್ಟಿಯ ಅದೃಷ್ಟ ಖುಲಾಯಿಸಿತು. ಎಂದೂ ಹೂ ಬಿಡದ ಕಾಡುಮರವನ್ನೇ ಬಿಡಿಸಿದ ಪಟ್ಟಿ ಅಂದ ಮೇಲೆ ಕೇಳಬೇಕೆ? 'ಋತು' ಎಂಬ ಕಂಪನಿ ಗವಿಮಠನನ್ನೂ ಯಂತ್ರವನ್ನೂ ಒಟ್ಟಿಗೆ ಕೊಂಡುಕೊಂಡಿತು. ಕೇಂದ್ರದ ನಿಯಂತ್ರಣ ಕೊಠಡಿಯನ್ನೂ ಬಾಡಿಗೆಗೆ ಹಿಡಿಯಿತು. ಅಲ್ಲಿ ಯಾರಿಗೋ ಒಂದು ಯೋಚನೆ ಹೊಳೆಯಿತು. ಮರದ ಬದಲು ಮನುಷ್ಯರಾದರೆ? ಸಾವು ಹತ್ತಿರವಿದೆ ಎಂದು ನಂಬಿಸಿದರೆ ಮಿದುಳು ಕೂಡ ಉಳಿತಾಯ ಮಾಡುವುದನ್ನು ಬಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ನೆನಪಿಗೂ ಬುದ್ಧಿಗೂ ಸುರಿಯುತ್ತದೆ. ಇಲಿಗಳ ಮೇಲೆ ನೋಡಿದರು, ಸರಿಹೋಯಿತು. ನಮ್ಮ ರಾಜ್ಯದಲ್ಲಿ ಅಂಥ ಯಂತ್ರವನ್ನು ಯಾರಿಗೆ ಮಾರಬೇಕು ಎಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಹೀಗೆ ಕತ್ತಿನ ಹಿಂಭಾಗಕ್ಕೆ ಅಂಟಿಸುವ ವಿದ್ಯಾಪಟ್ಟಿ ಬಂತು.

ಬಂದದ್ದೇ ತಡ, ಜನ ಅದಕ್ಕೆ ಒಗ್ಗಿಕೊಂಡುಬಿಟ್ಟರು. ಮೊದಮೊದಲು ತಾಯಂದಿರು ಮಗಳ ಪಟ್ಟಿಯನ್ನು ದುಪಟ್ಟಾದಿಂದ ಮುಚ್ಚುತ್ತಿದ್ದರು. ಆರು ತಿಂಗಳಲ್ಲಿ ಪಟ್ಟಿ ಎಲ್ಲರಿಗೂ ಕಾಣಲಿ ಎಂದು ಜಡೆಯನ್ನು ಎತ್ತಿ ಕಟ್ಟತೊಡಗಿದರು. ಕ್ಷೌರದಂಗಡಿಗಳಲ್ಲಿ 'ಪಟ್ಟಿ ಕಟಿಂಗ್' ಎಂದು ಬೋರ್ಡು ಬಿತ್ತು. ಹೊಸದು ಕೊಳ್ಳಲಾಗದವರಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಹಳೆಯದು ಬಾಡಿಗೆಗೆ ಸಿಗುತ್ತಿತ್ತು. ಪಟ್ಟಿ ಹಾಕಿದ ಮಕ್ಕಳಿಗೆ ನಿದ್ದೆ ಕಡಿಮೆ, ಹಸಿವು ಕಡಿಮೆ, ಹಟ ಇಲ್ಲವೇ ಇಲ್ಲ. ಇದಕ್ಕಿಂತ ಏನು ಬೇಕು ಎನ್ನುತ್ತಿದ್ದರು ಹೆತ್ತವರು. ಕಡಿಮೆ ಪ್ರಮಾಣದಲ್ಲಿ ಎಲ್ಲರಿಗೂ ಅಂಕ ಬರತೊಡಗಿತು. ಎಲ್ಲರಿಗೂ ಬಂದಮೇಲೆ ಅದಕ್ಕೆ ಬೆಲೆ ಹೋಯಿತು. ಪೂರ್ತಿ ಪ್ರಮಾಣ ಬೇಕು ಎಂದು ಕಾಲೇಜುಗಳು ಹಟ ಹಿಡಿದವು.

ಅದಕ್ಕೊಂದು ತಜ್ಞರ ಸಮಿತಿ ಕೂತಿತು. ಧರಣೇಂದ್ರನನ್ನೂ ಕರೆದರು. ನಿಯಂತ್ರಣ ಕೊಠಡಿ ಈಗ ಗುರುತು ಸಿಗದಷ್ಟು ದೊಡ್ಡದಾಗಿತ್ತು. ಒಂದು ಗೆರೆ ಓಡುತ್ತಿದ್ದ ಕಡೆ ಗೋಡೆ ತುಂಬ ಗೆರೆಗಳು, ಒಂದೊಂದೂ ಒಂದೊಂದು ಮಗು.

ಸಮಿತಿಯ ಅಧ್ಯಕ್ಷರು ವಯಸ್ಸಾದ ವೈದ್ಯರು. ಅವರು ಸಮಾಧಾನವಾಗಿ ಕೇಳಿದರು: "ಇಲಿಗಳ ಆಯುಸ್ಸೇ ಕಡಿಮೆ, ಅದರ ಮೇಲೆ ಏನೂ ಹೇಳೋಕಾಗಲ್ಲ. ಪೂರ್ತಿ ಪ್ರಮಾಣ ತಗೊಂಡು ವರ್ಷಗಳು ಕಳೆದಿರೋ ಜೀವ ಅಂದ್ರೆ ನಿಮ್ಮ ಮರ ಒಂದೇ. ಅದರ ಸ್ಥಿತಿ ಹೇಗಿದೆ ಡಾಕ್ಟ್ರೇ?"

ಧರಣೇಂದ್ರನ ಕಿವಿ ಬಿಸಿಯಾಯಿತು. ಗವಿಮಠ ಅವನ ಕಡೆ ನೋಡಿ ನಗುತ್ತಿದ್ದ.

"ಹೋದ ತಿಂಗಳು ಹೋಗಿದ್ದೆ. ಮರ ನಿಂತಿದೆ" ಎಂದ ಧರಣೇಂದ್ರ.

ನಿಂತಿತ್ತು. ಸತ್ತ ಮರ ಬೀಳುವುದಕ್ಕೆ ಕಾಲ ಹಿಡಿಯುತ್ತದೆ. ಅಧ್ಯಕ್ಷರು ಸಂತೋಷ ಎಂದು ಬರೆದುಕೊಂಡರು. ಸಭೆ ಮುಗಿದಮೇಲೆ ಗವಿಮಠ ಅವನ ಜೇಬಿಗೆ ಒಂದು ಹಿಡಿ ಕಡಲೆಕಾಯಿ ಸುರಿದ.

ಸನ್ಮತಿ ಎರಡನೇ ಪಿಯುಸಿಗೆ ಬಂದಾಗ ಅವಳ ತರಗತಿಯಲ್ಲಿ ಬರಿಗತ್ತಿನವಳು ಅವಳೊಬ್ಬಳೇ. ವಿಮಲಾ ಅತ್ತು, ಊಟ ಬಿಟ್ಟು, ಗಂಡನ ಜೊತೆ ಮಾತು ಬಿಟ್ಟು ಎಲ್ಲ ಪ್ರಯೋಗಿಸಿದಳು. "ಊರಿಗೆಲ್ಲ ಪಟ್ಟಿ ಬಂದಿದ್ದೇ ನಿಮ್ಮ ಮರದಿಂದ. ನಿಮ್ಮ ಮಗಳಿಗೆ ಮಾತ್ರ ಬೇಡ. ಜನ ಕೇಳ್ತಾರೆ ಕಣ್ರೀ, ಯಾಕೆ ಅಂತ. ನಾನೇನು ಹೇಳ್ಲಿ?" ಎಂದಳು. ಯಾಕೆ ಎಂದು ಜನ ಕೇಳತೊಡಗಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನು ಸುಮ್ಮನಿದ್ದ. ವಿಮಲಾ ಮಗಳನ್ನು ಕರೆದುಕೊಂಡು ಹೋಗಿ ಪಟ್ಟಿ ತಂದಳು, ಪೂರ್ತಿ ಪ್ರಮಾಣದ್ದು.

ಹಾಕಿಕೊಳ್ಳುವ ಮೊದಲು ಸನ್ಮತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪನ ಕೋಣೆಗೆ ಬಂದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು. ಅವಳು ಮೇಜಿನ ಅಂಚಿಗೆ ಹತ್ತಿ ಕೂತಳು.

"ಅಪ್ಪ, ಅಮ್ಮ ಹೇಳೋದು ಬಿಡಿ. ನೀವು ಹೇಳಿ. ನಂಗೆ ಒಂಥರಾ ಭಯ ಆಗ್ತಿದೆ. ನನ್ನ ಹೆಸರಿನ ಮರಕ್ಕೆ ಇದನ್ನೇ ಹಾಕಿದ್ರಲ್ಲ, ಅದಕ್ಕೇನಾಯ್ತು?"

ಎಷ್ಟು ನೇರವಾದ ಪ್ರಶ್ನೆ! ಸಮಿತಿಯವರೂ ಇಷ್ಟು ನೇರವಾಗಿ ಕೇಳಿರಲಿಲ್ಲ, ಗವಿಮಠನೂ ಕೇಳಿರಲಿಲ್ಲ. ಅವನು ಬಾಯಿ ತೆರೆದ. ಹೇಳಿಯೇಬಿಡುತ್ತಿದ್ದ. ಆದರೆ ಅದನ್ನು ಹೇಳಿದರೆ ಅದರ ಹಿಂದೆಯೇ 'ಮತ್ತೆ ಸಮಿತಿಗೆ ಯಾಕೆ ಹೇಳಲಿಲ್ಲ' ಎಂಬ ಪ್ರಶ್ನೆ ಬರುತ್ತದೆ, ಅದೂ ಈ ಹುಡುಗಿಯ ಬಾಯಿಂದ. ಅವಳ ಕಣ್ಣಲ್ಲಿ ತಾನು ಸಣ್ಣವನಾಗುವುದು ಅವನಿಗೆ ಬೇಡವಾಗಿತ್ತು. ಇಡೀ ಊರು ನಕ್ಕರೂ ಸಹಿಸಬಹುದಿತ್ತೇನೋ, ಇದನ್ನು ಆಗಲಿಲ್ಲ. ಮನಸ್ಸು ಒಂದು ಸಮಾಧಾನವನ್ನೂ ಹುಡುಕಿಕೊಂಡಿತು. ಮರ ಬೇರೆ, ಮನುಷ್ಯರು ಬೇರೆ. ಪರೀಕ್ಷೆ ಮುಗಿದ ಕೂಡಲೇ ತೆಗೆದುಹಾಕೋಣ.

"ಹೂ ಬಿಡ್ತು ಮಗಳೇ. ಮೈತುಂಬ" ಎಂದ.

"ಹಂಗಾದ್ರೆ ಸರಿ" ಎಂದು ಅವಳು ಬೆನ್ನು ತಿರುಗಿಸಿ ಜಡೆ ಎತ್ತಿದಳು. "ನೀವೇ ಅಂಟಿಸಿ."

ಅವನೇ ಅಂಟಿಸಿದ.

ಆ ವರ್ಷ ಸನ್ಮತಿ ಅರಳಿದ್ದನ್ನು ಕಾಲೇಜಿನವರು ಈಗಲೂ ನೆನೆಯುತ್ತಾರೆ. ಒಂದು ಸಲ ಓದಿದ್ದು ಮರೆಯುತ್ತಿರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಹೇಳುತ್ತಿದ್ದಳು. ಯಾರನ್ನೂ ಅಣಕಿಸುತ್ತಿರಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಅಜ್ಜಿ ಮಾತ್ರ, "ಮಗು ಮನೇಲಿದೆಯೋ ಇಲ್ವೋ ಗೊತ್ತೇ ಆಗಲ್ಲ ಕಣೋ" ಎನ್ನುತ್ತಿದ್ದರು. ಸನ್ಮತಿ ರಾಜ್ಯಕ್ಕೇ ಮೊದಲಿಗಳಾದಳು. ಮಂತ್ರಿಗಳು ಮನೆಗೆ ಬಂದು ಹಾರ ಹಾಕಿದರು, ಟೀವಿಯವರು ಅಜ್ಜಿಯ ಅಡುಗೆಮನೆಯನ್ನೂ ಬಿಡದೆ ತೋರಿಸಿದರು. ಕಾಲೇಜಿನ ಗೇಟಿನ ಮೇಲೆ ಅವಳ ಚಿತ್ರ ಎರಡಾಳೆತ್ತರದಲ್ಲಿ ನಿಂತಿತು. ಪರೀಕ್ಷೆ ಮುಗಿದ ದಿನವೇ ಧರಣೇಂದ್ರ ಪಟ್ಟಿ ಕಿತ್ತು ಹಿತ್ತಿಲಲ್ಲಿ ಸುಟ್ಟಿದ್ದ.

ಶುರುವಾದದ್ದು ಒಂದು ಸಣ್ಣ ವಿಷಯದಿಂದ. ಪದ್ಮಾವತಮ್ಮ ಮೊಮ್ಮಗಳ ತಲೆ ಬಾಚುತ್ತಾ, ಅವಳನ್ನು ತೊಟ್ಟಿಲಿಗೆ ಹಾಕಿ ಹಾಡುತ್ತಿದ್ದ ಹಾಡನ್ನು ಗುನುಗಿದರು. ಹುಡುಗಿ ದೊಡ್ಡವಳಾದಮೇಲೂ ಅದನ್ನು ಅಣಕಿಸಿ ಹಾಡುತ್ತಿದ್ದಳು.

"ಇದ್ಯಾವ ಹಾಡು ಅಜ್ಜಿ?" ಎಂದಳು ಸನ್ಮತಿ.

ಆಮೇಲೆ ತಾನು ಬೆಳೆದ ಹಳೇ ಬಾಡಿಗೆ ಮನೆಯನ್ನು ಮರೆತಳು. ಆಮೇಲೆ ಮೊದಲ ಶಾಲೆಯನ್ನು, ಅಲ್ಲಿಯ ಗೆಳತಿಯರನ್ನು. ಫಿಸಿಕ್ಸಿನ ಸೂತ್ರಗಳು ಮಾತ್ರ ಒಂದೂ ಬಿಡದೆ ಇದ್ದವು. ಡಾಕ್ಟರು ದಣಿವು ಎಂದರು, ಟಾನಿಕ್ಕು ಬರೆದುಕೊಟ್ಟರು. ವಿಮಲಾ ಬಾದಾಮಿ ಹಾಲು ಕಾಯಿಸಿಕೊಟ್ಟಳು. ಧರಣೇಂದ್ರನಿಗೆ ಮಾತ್ರ ಗೊತ್ತಿತ್ತು. ಅವನು ಇದನ್ನು ಮೊದಲೇ ನೋಡಿದ್ದ. ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಆಮೇಲೆ ಮೇಲಕ್ಕೆ ಹತ್ತುತ್ತದೆ.

ಅವನು ನಿಯಂತ್ರಣ ಕೊಠಡಿಗೆ ಓಡಿದ. ಗವಿಮಠ ಗೋಡೆಯ ಮುಂದೆ ಕಡಲೆಕಾಯಿ ತಿನ್ನುತ್ತಾ ಕೂತಿದ್ದ.

"ಏನ್ರಿ ಸರ್, ರ‍್ಯಾಂಕಿನವರ ಅಪ್ಪಾರು! ಪೇಢೆ ಎಲ್ರಿ?"

"ಗವಿಮಠ್ರೇ, ಆ ಮರ ಸತ್ತುಹೋಯ್ತು."

"ಅಯ್ಯ, ಯಾವಾಗ್ರಿ? ಗಾಳಿಗೇನು?"

"ಅವತ್ತೇ. ಹೂ ಬಿಟ್ಟಮೇಲೆ. ಕಾಯಿ ಕಟ್ಟೋಕೆ ಮುಂಚೆ."

ಗವಿಮಠ ಬಾಯಲ್ಲಿದ್ದದ್ದನ್ನು ನುಂಗಿದ. "ಮತ್ತ ನೀವು ಬರದೀರಲ್ರಿ... ಹಣ್ಣು ಕಂಡಿಲ್ಲ ಅಂತ. ಸೀಸನ್ ತಪ್ಪಿರಬೇಕು ಅಂತ ನಾವು..." ಅವನು ತಿರುಗಿ ಗೋಡೆಯ ಕೆಳಮೂಲೆಯ ಒಂದು ಗೆರೆಯನ್ನು ನೋಡಿದ. "ಅದು ನಮ್ಮ ಹುಡುಗಂದ್ರಿ. ಪೂರ್ತೀನ ಇಟ್ಟೀನಿ. ನಿಮ್ಮ ಮರ ನಿಂತದ ಅಂದ್ರಲ್ರಿ ಸರ್, ಅದಕ್ಕ." ಬೈಯಲಿಲ್ಲ, ಹೊಡೆಯಲಿಲ್ಲ. ಮಡಿಲಿನ ಕಡಲೆಕಾಯಿ ನೆಲದ ಮೇಲೆಲ್ಲ ಚೆಲ್ಲುವಂತೆ ಎದ್ದು ಹೊರಗೆ ಓಡಿದ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಧರಣೇಂದ್ರನಿಗೆ ಅನ್ನಿಸಿತು.

ಕಂಪನಿಯವರು ತಾಳ್ಮೆಯಿಂದ ಕೇಳಿಸಿಕೊಂಡರು. ಪ್ರಕಟವಾದ ವರ್ಣನೆಯಲ್ಲಿ ಮರ ಸತ್ತದ್ದರ ಪ್ರಸ್ತಾಪವಿಲ್ಲವಲ್ಲ ಎಂದರು. ಸಮಿತಿಯ ಮುಂದೆಯೂ ನೀವು ಹಾಗೆ ಹೇಳಿಲ್ಲವಲ್ಲ ಎಂದರು. ಮಗಳ ಅನಾರೋಗ್ಯದಿಂದ ನಿಮ್ಮ ಮನಸ್ಸು ಕೆಟ್ಟಿದೆ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹಣ್ಣಿನ ಬುಟ್ಟಿಯೊಂದನ್ನು ಮನೆಗೆ ಕಳಿಸಿದರು.

ಮರುದಿನ ಬೆಳಗ್ಗೆ ಧರಣೇಂದ್ರ ಕಾಲೇಜಿನ ಗೇಟಿಗೆ ಹೋದ. ಹೊಸ ವರ್ಷದ ಮಕ್ಕಳಿಗೆ ಪಟ್ಟಿ ಅಂಟಿಸುವ ದಿನ. ಅಪ್ಪ ಅಮ್ಮಂದಿರು ಮಕ್ಕಳ ಕೈ ಹಿಡಿದು ಸಾಲಾಗಿ ನಿಂತಿದ್ದರು. ಅವನು ಗೇಟಿನ ಮೆಟ್ಟಿಲು ಹತ್ತಿ, ಜೀವನದಲ್ಲಿ ಮೊದಲ ಬಾರಿಗೆ ಅರ್ಧ ಬಿಡದೆ ಎಲ್ಲವನ್ನೂ ಹೇಳಿದ. ಮರ ಸತ್ತದ್ದು, ಪಟ್ಟಿಯನ್ನು ಹಳ್ಳಕ್ಕೆ ಎಸೆದದ್ದು, ಆನೆಯ ಮಾತು, ಸಮಿತಿಯ ಮಾತು, ಮಗಳಿಗೆ ಹೇಳಿದ ಮಾತು. "ಹಾಕಿಸಬೇಡಿ, ಕೈಮುಗೀತೀನಿ, ನನ್ನ ಮಗು ನನ್ನ ತಾಯಿನ ಮರೀತಾ ಇದೆ" ಎಂದು ಕೂಗಿ ಹೇಳಿದ.

ಸಾಲಿನಿಂದ ಹಸಿರು ಸೀರೆಯ ಹೆಂಗಸೊಬ್ಬಳು ಮುಂದೆ ಬಂದಳು.

"ನೀವು ಸನ್ಮತಿಯ ಅಪ್ಪ ತಾನೆ? ಟೀವೀಲಿ ನೋಡಿದೀನಿ." ಅವಳು ಗೇಟಿನ ಮೇಲಿನ ಚಿತ್ರದ ಕಡೆ ಕೈ ತೋರಿಸಿದಳು. "ನಿಮ್ಮ ಮಗಳಿಗೆ ರ‍್ಯಾಂಕ್ ಬಂದಾಯ್ತು. ಈಗ ನಮ್ಮ ಮಕ್ಕಳು ಹಾಕ್ಕೋಬಾರದು. ಅಲ್ವಾ?"

"ಹಂಗಲ್ಲಮ್ಮ—"

"ಮತ್ತೆ ಹೆಂಗೆ? ಅಷ್ಟು ಕೆಟ್ಟದ್ದಾದ್ರೆ ನಿಮ್ಮ ಮಗಳಿಗ್ಯಾಕ್ರೀ ಹಾಕಿದ್ರಿ?"

ಈ ಪ್ರಶ್ನೆಗೆ ಅವನ ಬಳಿ ನಿಜವಾದ ಉತ್ತರವಿತ್ತು. ಆದರೆ ಯಾರೂ ಅದಕ್ಕೆ ಕಾಯಲಿಲ್ಲ. ಹಿಂದಿನಿಂದ ಯಾರೋ, "ಒಬ್ಬರ ಮಕ್ಕಳು ಮುಂದೆ ಬಂದ್ರೆ ಇವರಿಗೆ ಹೊಟ್ಟೆಯುರಿ" ಎಂದರು. ಒಬ್ಬ ಅವನ ಕಾಲರು ಹಿಡಿದು ಮೆಟ್ಟಿಲಿನಿಂದ ಕೆಳಕ್ಕೆ ಎಳೆದ. ಕನ್ನಡಕ ಬಿತ್ತು, ಯಾರದೋ ಚಪ್ಪಲಿಯ ಕೆಳಗೆ ಅದು ಮುರಿದ ಸದ್ದು ಕೇಳಿತು. ಕಾವಲಿನವನು ಬಂದು ಅವನನ್ನು ಎಬ್ಬಿಸಿ ರಸ್ತೆಯ ಆಚೆ ಬದಿಗೆ ಬಿಟ್ಟ. ಅಲ್ಲಿಂದ ಕನ್ನಡಕವಿಲ್ಲದ ಕಣ್ಣಿಗೆ ಮಕ್ಕಳ ಮುಖ ಕಾಣುತ್ತಿರಲಿಲ್ಲ. ಸಾಲು ಒಂದೊಂದೇ ಹೆಜ್ಜೆ ಒಳಗೆ ಸರಿಯುವುದು ಮಾತ್ರ ಕಾಣುತ್ತಿತ್ತು.

ದೀಪಾವಳಿಯ ಹೊತ್ತಿಗೆ ಸೂತ್ರಗಳೂ ಹೋದವು. ಸನ್ಮತಿ ಕಿಟಕಿಯ ಬಳಿ ನಿಲ್ಲಿಸಿದರೆ ನಿಂತಿರುತ್ತಿದ್ದಳು, ಕೂರಿಸಿದರೆ ಕೂತಿರುತ್ತಿದ್ದಳು. ತುತ್ತು ಬಾಯಿಗಿಟ್ಟರೆ ನುಂಗುತ್ತಿದ್ದಳು. ವಿಮಲಾ ಮೊದಲು ಗಂಡನನ್ನು ಬೈದಳು, ಆಮೇಲೆ ತನ್ನನ್ನು, ಆಮೇಲೆ ಯಾರನ್ನೂ ಬೈಯದೆ ಮಹಡಿಯ ಕೋಣೆ ಸೇರಿದಳು. ಉಣಿಸುವ ಕೆಲಸ ಪದ್ಮಾವತಮ್ಮನ ಪಾಲಿಗೆ ಬಂತು. ಗೇಟಿನಲ್ಲಿ ನಡೆದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮಗು ಓದಿ ಓದಿ ದಣಿದಿದೆ ಎಂದೇ ಅವರು ನಂಬಿದ್ದರು.

ಒಂದು ಸಂಜೆ ಧರಣೇಂದ್ರ ಪಡಸಾಲೆಯಲ್ಲಿ ಕೂತಿದ್ದಾಗ ಅವರು ಮೊಮ್ಮಗಳಿಗೆ ಮೊಸರನ್ನ ಕಲಸುತ್ತಿದ್ದರು. ತಮ್ಮ ಕನ್ನಡಕವನ್ನು ತೆಗೆದು ಹುಡುಗಿಯ ಮೂಗಿಗೆ ಏರಿಸಿ, ಅವಳದೇ ಹಳೇ ಧ್ವನಿಯಲ್ಲಿ "ಕಿತ್ರೆ ಗಿಡನೇ ಹೋಯ್ತು!" ಎಂದರು. ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಸನ್ಮತಿ ಅದನ್ನು ನೋಡಲೂ ಇಲ್ಲ.

"ಧರಣಿ, ನೀನು ಓದಿದವನು. ದೊಡ್ಡ ದೊಡ್ಡ ಡಾಕ್ಟ್ರನ್ನೆಲ್ಲ ಕೇಳಿದೀಯ. ಈ ಮಗು ಇನ್ನೊಂದ್ಸಲ ನಗೋದು ಎಲ್ಲಾದ್ರೂ ಕಂಡೀತೇನಪ್ಪ?"

ಅವನ ಬಾಯಿಂದ ರೂಢಿಯಾದ ಮಾತೇ ಬಂತು.

"ಕಂಡಿಲ್ಲಮ್ಮ."

ಪದ್ಮಾವತಮ್ಮನ ಕೈ ಅನ್ನದಲ್ಲೇ ನಿಂತಿತು. ಅವರು ಮಗನ ಮುಖವನ್ನು ನೋಡಿದರು, ಮೊಮ್ಮಗಳ ಬೋಳು ಕತ್ತಿನ ಹಿಂದೆ ಪಟ್ಟಿ ಬಿಟ್ಟುಹೋದ ಕಪ್ಪು ಕಲೆಯನ್ನು ನೋಡಿದರು, ಮತ್ತೆ ಮಗನನ್ನು ನೋಡಿದರು.

"ಅವತ್ತು ಮರದ ಹಣ್ಣು ಕೇಳಿದಾಗ್ಲೂ ಇದೇ ಧ್ವನೀಲಿ ಹೇಳಿದ್ದೆ" ಎಂದರು. "ಆ ಮರ ಇಲ್ಲ, ಅಲ್ವೇನೋ?"

ಅವನ ಕಿವಿ ಕೆಂಪಾಗಿತ್ತು. ಅಮ್ಮ ಮುಂದೆ ಏನೂ ಕೇಳಲಿಲ್ಲ, ಅವನ ಕಡೆ ಮತ್ತೆ ತಿರುಗಲೂ ಇಲ್ಲ. ಹೊತ್ತು ಮುಳುಗುತ್ತಾ ಬಂದಿತ್ತು. ಅಷ್ಟರೊಳಗೆ ಮಗುವಿಗೆ ಉಣಿಸಿ ಮುಗಿಸಬೇಕಾಗಿತ್ತು.